ಕಲ್ಲು ಕಟ್ಟುವ ದೊಡ್ಡವ್ವ

ನಮ್ಮ ದೊಡ್ಡವ್ವನಿಗೆ ಕಲ್ಲು ಕಟ್ಟುವ ಹುಚ್ಚಿತ್ತು. ಇದು ನಾನು ಹೊರಿಸುತ್ತಿರುವ ಆರೋಪವಲ್ಲ. ಹನಗೋಡಿನಲ್ಲಿ ನಮ್ಮ ಬೀದಿಯ ಯಾರನ್ನು ಕೇಳಿದರೂ ಮೊದಲು ನಕ್ಕು, ಆಮೇಲೆ ಇದನ್ನೇ ಹೇಳುತ್ತಾರೆ. ಪಡವಲಕಾಯಿಗೆ ಕಲ್ಲು ಕಟ್ಟಿದಳು. ಸರಿ, ಅದನ್ನು ಎಲ್ಲರೂ ಕಟ್ಟುತ್ತಾರೆ. ಸೋರೆಕಾಯಿಗೆ ಕಟ್ಟಿದಳು. ನುಗ್ಗೆಕಾಯಿ ತನ್ನ ಪಾಡಿಗೆ ತಾನು ನೆಟ್ಟಗೇ ಬೆಳೆಯುತ್ತದಲ್ಲ, ಅದಕ್ಕೂ ಒಂದು ವರ್ಷ ಕಟ್ಟಿ ನೋಡಿದಳು! ಕೊನೆಗೆ ಕಟ್ಟಲು ಬೇರೇನೂ ಸಿಗದೆ ನನಗೂ ಕಟ್ಟಿದಳು. ನಾನಾಗ ಎರಡನೇ ಕ್ಲಾಸು.

ದೊಡ್ಡವ್ವ ಎಂದರೆ ನಮ್ಮಪ್ಪನ ಅಣ್ಣನ ಹೆಂಡತಿ. ಎರಡು ಸಂಸಾರಕ್ಕೂ ಒಂದೇ ಮನೆ, ಒಂದೇ ಒಲೆ. ಒಲೆ ಅಮ್ಮನದು, ಹಿತ್ತಲು ದೊಡ್ಡವ್ವನದು. ನಾನೀಗ ಕೆ.ಆರ್. ನಗರದ ಒಂದು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡುತ್ತೇನೆ. ಪ್ರತಿ ವರ್ಷ ಕೋಶ ವಿಭಜನೆಯ ಪಾಠ ಬರುತ್ತದೆ. ಈರುಳ್ಳಿ ಬೇರಿನ ತುದಿಯನ್ನು ಬಣ್ಣದಲ್ಲಿ ಅದ್ದಿ, ಗಾಜಿನ ಪಟ್ಟಿಯ ಮೇಲಿಟ್ಟು, ಹೆಬ್ಬೆರಳಿನಿಂದ ಒತ್ತಿ ಮೈಕ್ರೋಸ್ಕೋಪಿನ ಕೆಳಗೆ ಇಡಬೇಕು. ಒತ್ತುವ ಆ ಗಳಿಗೆಗೆ ಸರಿಯಾಗಿ ದೊಡ್ಡವ್ವ ಹಾಜರ್! "ಒತ್ತಬ್ಯಾಡ ಕಣಮ್ಮಿ, ಅದ್ಕೂ ಉಸ್ರಾಡಕ್ಕೆ ಜಾಗ ಬ್ಯಾಡ್ವಾ?" ಎಂದು ಕಿವಿಯಲ್ಲಿ ಗದರುತ್ತಾಳೆ. ಮೂವತ್ತು ಮಕ್ಕಳ ಎದುರು ನಾನು ಒಬ್ಬಳೇ ನಗುತ್ತೇನೆ. ಮೇಡಂ ಸ್ವಲ್ಪ ಹಂಗೇ ಎಂದು ಮಕ್ಕಳು ತೀರ್ಮಾನ ಮಾಡಿ ಬಹಳ ವರ್ಷವಾಯಿತು.

ಮೊದಲು ಕಲ್ಲಿನ ವಿಷಯ ಹೇಳಿಬಿಡುತ್ತೇನೆ. ಲಕ್ಷ್ಮಣತೀರ್ಥದಲ್ಲಿ ಬಟ್ಟೆ ಒಗೆಯಲು ಹೋದವರೆಲ್ಲ ಬಟ್ಟೆ ಹೊತ್ತುಕೊಂಡು ಬಂದರೆ, ದೊಡ್ಡವ್ವ ಬಟ್ಟೆಯ ಜೊತೆ ಮಡಿಲು ತುಂಬ ಕಲ್ಲು ಹೊತ್ತುಕೊಂಡು ಬರುತ್ತಿದ್ದಳು. ನೀರಲ್ಲಿ ಉರುಳಿ ಉರುಳಿ ನುಣ್ಣಗಾದವೇ ಆಗಬೇಕು. ಹಿತ್ತಲಿನ ಬಾಗಿಲ ಪಕ್ಕ ಒಂದು ಮಂಕರಿಯಲ್ಲಿ ಅವುಗಳ ವಾಸ. ಹುಣಸೆಬೀಜದ ಗಾತ್ರ, ಗೋಲಿ ಗಾತ್ರ, ನಿಂಬೆಹಣ್ಣಿನ ಗಾತ್ರ ಎಂದು ವಿಂಗಡಣೆ ಬೇರೆ. ಪಡವಲದ ಹೂ ಉದುರಿ ಬೆರಳುದ್ದ ಕಾಯಿ ಕಂಡ ದಿನ ಹುಣಸೆಬೀಜದ ಕಲ್ಲು. ಕಾಯಿ ಅದನ್ನು ತಾಳಿಕೊಂಡಿತೆಂದರೆ ಗೋಲಿ ಗಾತ್ರಕ್ಕೆ ಬಡ್ತಿ. ಕಾಫಿ ಲೋಟ ಹಿಡಿದು ಬೆಳಿಗ್ಗೆ ಬೆಳಿಗ್ಗೆ ಚಪ್ಪರದ ಕೆಳಗೆ ಬಗ್ಗಿ ಬಗ್ಗಿ ನಡೆಯುತ್ತಾ, ಸ್ಕೂಲಿಗೆ ಬಂದ ಇನ್‌ಸ್ಪೆಕ್ಟರ ಹಾಗೆ ಒಂದೊಂದು ಕಾಯಿಯನ್ನೂ ವಿಚಾರಿಸಿಕೊಳ್ಳುವಳು. ಅಕ್ಕಪಕ್ಕದ ಹಿತ್ತಲಿನಲ್ಲಿ ಪಡವಲಕಾಯಿ ಮುದುರಿಕೊಂಡು ಬಿದ್ದಿದ್ದರೆ ನಮ್ಮ ಚಪ್ಪರದಲ್ಲಿ ಎಲ್ಲವೂ ನೆಟ್ಟಗೆ ನೆಲ ನೋಡುತ್ತಿದ್ದವು.

ಒಮ್ಮೆ ಅವಳಿಗೆ ಜಂಬ ಬಂತು. ತವರೂರು ಸಾಲಿಗ್ರಾಮದಲ್ಲಿ ತಮ್ಮನ ಮುಂದೆ, "ಈ ಸಲ ನನ್ನಷ್ಟುದ್ದದ್ ಪಡ್ಲಕಾಯಿ ತತ್ತೀನಿ, ನೋಡ್ತಿರು" ಎಂದು ಹೇಳಿ ಬಂದಳು. ಒಂದು ಕಾಯಿಯನ್ನು ಆರಿಸಿಕೊಂಡು ಅದಕ್ಕೆ ಸರ್ವ ಸೇವೆಯನ್ನೂ ಮಾಡಿದಳು. ದಿನಾ ಅದರ ಉದ್ದವನ್ನು ದಾರದಲ್ಲಿ ಅಳೆದು, ದಾರವನ್ನು ತನ್ನ ಪಾದದಿಂದ ಮೇಲಕ್ಕೆ ಹಿಡಿದು, "ಎಲ್ಲೀಗಂಟ ಬಂತು ನೋಡಮ್ಮಿ" ಎಂದು ನನ್ನನ್ನು ಕೇಳುವಳು. ಭುಜದವರೆಗೆ ಬಂತು. ಕಿವಿಯವರೆಗೆ ಬಂತು. ಹೊರಡಲು ಎರಡು ದಿನ ಇದೆ, ಇನ್ನು ನಾಲ್ಕು ಬೆರಳು ಕಡಿಮೆ! ಆತುರಕ್ಕೆ ನಿಂಬೆ ಗಾತ್ರದ ಕಲ್ಲು ಬಿಚ್ಚಿ ಅದಕ್ಕಿಂತ ದಪ್ಪದ್ದು ಕಟ್ಟಿದಳು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದಾಗ ಹಿತ್ತಲಿನಿಂದ 'ಪಟ್' ಎಂದಿತು. ದೊಡ್ಡವ್ವ ಕೈಲಿದ್ದ ತುತ್ತನ್ನು ತಟ್ಟೆಗೇ ಬಿಟ್ಟು ಓಡಿದಳು.

ಆದರೂ ಕೊಟ್ಟ ಮಾತಿಗೆ ತಪ್ಪಲಿಲ್ಲ. ಎರಡೂ ತುಂಡನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಸಾಲಿಗ್ರಾಮಕ್ಕೆ ಹೋದಳು.

"ಇದ್ಯಾಕಕ್ಕ, ಎಲ್ಡು ತುಂಡು?" ಎಂದ ತಮ್ಮ.

"ಒಂದೇ ಕೊಟ್ರೆ ನಿನ್ನೆಡ್ತಿ ಬೇಜಾರ್ ಮಾಡ್ಕತಾಳೆ ಕಣ್ಲಾ. ನಿಂಗೊಂದು, ಅವಳ್ಗೊಂದು!"

ಅಲ್ಲಿ ಎಲ್ಲರೂ ನಕ್ಕರು. ಮನೆಗೆ ಬಂದ ಮೇಲೆ ಮಾತ್ರ ಎರಡು ದಿನ ಅವಳು ಚಪ್ಪರದ ಕಡೆ ಹೋಗಲಿಲ್ಲ. "ಅದ್ಕೆ ಎಷ್ಟು ನೋಯ್ತಿತ್ತೋ, ನಂಗೆಂಗ್ ಗೊತ್ತಾಗ್ಬೇಕು? ಬಾಯಿ ಇಲ್ದ ವಸ್ತು" ಎಂದು ಅಮ್ಮನ ಹತ್ತಿರ ಹೇಳುತ್ತಿದ್ದುದು ಕೇಳಿಸಿತು. ಪಡವಲಕಾಯಿಗೆ ನೋವೆ? ನಾನು ಬಾಯಿ ಮುಚ್ಚಿಕೊಂಡು ನಕ್ಕಿದ್ದೆ.

ದೊಡ್ಡವ್ವನ ಶಾಸ್ತ್ರ ಬಹಳ ಚಿಕ್ಕದು. ಬೆಳೆಯುವ ವಸ್ತು ಯಾವುದೇ ಆಗಲಿ, ಎಳೆದ ಕಡೆಗೆ ಬೆಳೆಯುತ್ತದೆ, ಜಾಗ ಇದ್ದರೆ ತುಂಬಿಕೊಳ್ಳುತ್ತದೆ, ಇಕ್ಕಟ್ಟಾದರೆ ನಿಂತುಬಿಡುತ್ತದೆ. ಇದು ಹೊಗೆಸೊಪ್ಪಿನ ಸಸಿಗೂ ಅನ್ವಯ, ಮನುಷ್ಯರಿಗೂ ಅನ್ವಯ, ಹುಣಸೂರು ಬಸ್ಸಿಗೂ ಅನ್ವಯ! ಮೂರು ಜನರ ಸೀಟಿನಲ್ಲಿ ಐದು ಜನ ಕೂರುತ್ತಿದ್ದ ಆ ಬಸ್ಸಿನಲ್ಲಿ ನನ್ನ ಎರಡೂ ಪಕ್ಕ ಮೊಣಕೈ ಅಡ್ಡ ಹಾಕಿಕೊಂಡು ಕೂರುತ್ತಿದ್ದಳು.

"ಅಮ್ಮಾ, ಚೂರು ಒತ್ತರಿಸ್ಕಳಿ" ಎನ್ನುತ್ತಿದ್ದ ಕಂಡಕ್ಟರು.

"ಒತ್ತರಿಸ್ಕಳಾಕಾಗಕಿಲ್ಲ ಕಣಪ್ಪ. ಕೂಸು ಬೆಳೀತಾ ಅದೆ."

"ಹುಣಸೂರು ಬರೋ ಹೊತ್ಗೆ ಎಷ್ಟು ಬೆಳೆದಾತು?"

"ಅಂಗೇನಾದ್ರೂ ಬೆಳದ್ರೆ ಇಳಿವಾಗ ಫುಲ್ ಟಿಕೆಟ್ ತಕತೀನಿ, ಓಗು!"

ಬಸ್ಸೆಲ್ಲ ನಗುತ್ತಿತ್ತು. ನಾನು ಮಾತ್ರ ನಾಚಿಕೆಯಿಂದ ಇದ್ದ ಜಾಗದಲ್ಲೇ ಇನ್ನಷ್ಟು ಕುಗ್ಗಿ ಹೋಗುತ್ತಿದ್ದೆ. ಅವಳ ಶಾಸ್ತ್ರಕ್ಕೆ ಅಲ್ಲೇ ಸೋಲು.

ಚೊಂಬಿನ ಕತೆ ಹೇಳದಿದ್ದರೆ ದೊಡ್ಡಪ್ಪನಿಗೆ ಅನ್ಯಾಯ ಮಾಡಿದ ಹಾಗೆ. ದೊಡ್ಡಪ್ಪ ಕುಳ್ಳು. ದೊಡ್ಡವ್ವನ ಭುಜಕ್ಕೆ ಬರುತ್ತಿದ್ದರು ಅಷ್ಟೆ. ಅವರಿಗೊಂದು ಹಿತ್ತಾಳೆ ಚೊಂಬಿತ್ತು, ಅದರಲ್ಲೇ ಮಜ್ಜಿಗೆ ಕುಡಿಯಬೇಕು. ಒಂದು ದಿನ ಚೊಂಬು ಕಾಣೆ. ಅಟ್ಟ, ಒಲೆ, ಬಾವಿಕಟ್ಟೆ ಎಲ್ಲ ಹುಡುಕಿ ಸುಸ್ತಾಗಿ, "ಲೇ, ನನ್ ಚೊಂಬೆಲ್ಲೇ?" ಎಂದು ಕೂಗಿದರು.

"ಬಸುರಿ ಅದೆ, ತಡೀರಿ" ಎಂದಳು ದೊಡ್ಡವ್ವ!

ಹೋಗಿ ನೋಡಿದರೆ ಚೊಂಬು ಚಪ್ಪರದಲ್ಲಿ ತೂಗಾಡುತ್ತಿದೆ. ಬೆರಳುದ್ದದ ಸೌತೆ ಮಿಡಿಯೊಂದನ್ನು ಬಳ್ಳಿಯಲ್ಲಿದ್ದ ಹಾಗೆಯೇ ಚೊಂಬಿನ ಕತ್ತಿನೊಳಗೆ ತೂರಿಸಿ ಕಟ್ಟಿಬಿಟ್ಟಿದ್ದಾಳೆ. ಜಾಗ ಮುಗಿದ ಮೇಲೆ ಅದು ಏನು ಮಾಡುತ್ತದೆಂದು ಅವಳಿಗೆ ನೋಡಬೇಕಿತ್ತಂತೆ. ದಿನ ಕಳೆದಂತೆ ಕಾಯಿ ಒಳಗೆಲ್ಲ ತುಂಬಿಕೊಂಡಿತು, ಗೋಡೆಗೆ ಮೈ ತಾಗಿಸಿತು, ನಿಂತಿತು. ಅದೇ ಬಳ್ಳಿಯ ಬೇರೆ ಕಾಯಿಗಳು ಬೆಳೆಯುತ್ತಲೇ ಇದ್ದವು. "ನೋಡುದ್ರಾ, ಅದ್ಕೇ ಗೊತ್ತಾಯ್ತದೆ ಸಾಕು ಅಂತ" ಎಂದು ಗೆದ್ದವಳ ಹಾಗೆ ಹೇಳಿದಳು.

ದೊಡ್ಡಪ್ಪ ಚೊಂಬಿನೊಳಗೆ ಒಮ್ಮೆ ಇಣುಕಿ ನೋಡಿ, "ನಂದೂ ಅದೇ ಕತೆ ಕಣೆ. ನಿನ್ ಜೊತೆ ಜಾಗ ಸಾಲ್ದು ಅಂತಾನೇ ನಾನೂ ಬೆಳೆಯೋದ್ ನಿಲ್ಸ್‌ಬುಟ್ಟೆ" ಎಂದರು. ಆ ಕಾಯಿಯನ್ನು ಚೂರು ಚೂರು ಕೆರೆದು ತೆಗೆಯಲು ಒಂದು ಇಡೀ ಭಾನುವಾರ ಹಿಡಿಯಿತು.

ಇಷ್ಟು ಹೊತ್ತು ನಗುತ್ತಾ ಬಂದೆ. ಈಗ ನನ್ನ ಬಲಗೈ ವಿಷಯ ಹೇಳಬೇಕು.

ನಮ್ಮ ಕಡೆ ಹೊಗೆಸೊಪ್ಪು ಬೆಳೆಯುವವರ ಹೊಲದಲ್ಲಿ ಒಂದು ಬ್ಯಾರನ್ ಇರುತ್ತದೆ. ಸೊಪ್ಪು ಒಣಗಿಸುವ ಎತ್ತರದ, ಕಿಟಕಿಯಿಲ್ಲದ ಕೋಣೆ. ಮೇಲೆ ಸೊಪ್ಪಿನ ಕಡ್ಡಿಗಳು ತೂಗುತ್ತಿರುತ್ತವೆ, ಕೆಳಗೆ ನೆಲದುದ್ದಕ್ಕೂ ಬಿಸಿಗಾಳಿ ಹಾಯುವ ತಗಡಿನ ಕೊಳವೆ. ಸೊಪ್ಪು ಹದ ಬಂದಿದೆಯೇ ಎಂದು ನೋಡಲು ದೊಡ್ಡವ್ವ ಒಳಗೆ ಹೋದಳು. ಅವಳ ಸೆರಗು ಹಿಡಿದು ನಾನೂ ಹೋದೆ. ಕಾಲು ಜಾರಿತು. ಬೀಳುವಾಗ ಊರಿದ್ದು ಬಲಗೈ, ಊರಿದ್ದು ಕೊಳವೆಯ ಮೇಲೆ.

ಗಾಯ ಮಾಯಲು ಬಹಳ ದಿನ ಹಿಡಿಯಿತು. ಮಾಯ್ದ ಮೇಲೆ ಇನ್ನೊಂದು ಶುರುವಾಯಿತು. ಅಂಗೈಯ ಹೊಸ ಚರ್ಮ ಸೆಳೆದುಕೊಳ್ಳುತ್ತಾ ಉಂಗುರದ ಬೆರಳು, ಕಿರುಬೆರಳು ಎರಡನ್ನೂ ಒಳಗೆ ಎಳೆದುಕೊಳ್ಳತೊಡಗಿತು. ಹುಣಸೂರಿನ ಡಾಕ್ಟರು ಕೈ ತಿರುಗಿಸಿ ನೋಡಿ, "ದಿನಾ ಬೆರಳು ಚಾಚಿಸ್ಬೇಕು, ನಿಧಾನಕ್ಕೆ, ಬಿಡದ ಹಾಗೆ. ಬಿಟ್ರೆ ಕೈ ಹಿಂಗೇ ಮುಚ್ಕೊಂಡ್‌ಬಿಡತ್ತೆ" ಎಂದರು. ಬಳಪ ಹಿಡಿದರೆ ಜಾರುತ್ತಿತ್ತು. ಮುದ್ದೆ ಮುರಿಯಲು ಆಗುತ್ತಿರಲಿಲ್ಲ. ಅಮ್ಮ ದಿನಾ ಬೆರಳು ಹಿಡಿಯುವಳು, ನಾನು 'ಆ' ಎನ್ನುವಷ್ಟರಲ್ಲಿ ಬಿಟ್ಟು ನನಗಿಂತ ಜೋರಾಗಿ ಅಳುವಳು. ದೊಡ್ಡಪ್ಪ, "ಓಗ್ಲಿ ಬುಡಮ್ಮ, ಎಡಗೈಲಿ ಬರೀತಾಳೆ" ಎಂದುಬಿಟ್ಟರು. ಎಲ್ಲರಿಗೂ ನನ್ನ ಮೇಲೆ ಪ್ರೀತಿ. ಆ ಪ್ರೀತಿಯಲ್ಲಿ ಕೈ ಸ್ವಲ್ಪ ಸ್ವಲ್ಪವೇ ಮುಚ್ಚಿಕೊಳ್ಳುತ್ತಾ ಬಂತು.

ದೊಡ್ಡವ್ವ ಮಾತ್ರ ಒಂದು ಬೆಳಿಗ್ಗೆ ನನ್ನನ್ನು ಜಗಲಿಯ ಮೇಲೆ ಕೂರಿಸಿ, ಅಂಗೈ ಮೇಲೆ ಮಾಡಿ, ಬೆರಳುಗಳು ಜಗಲಿ ಅಂಚಿನಿಂದ ಆಚೆ ಬರುವ ಹಾಗೆ ಇಟ್ಟಳು. ಹಳೇ ಸೀರೆಯಿಂದ ಹರಿದ ಮೆತ್ತನೆ ಪಟ್ಟಿಯ ಕುಣಿಕೆಯನ್ನು ಬೆರಳ ತುದಿಗೆ ಹಾಕಿದಳು. ಅದರ ಕೆಳಗೊಂದು ಗಂಟು. ಗಂಟಿನೊಳಗೆ ಹುಣಸೆಬೀಜದ ಗಾತ್ರದ ಕಲ್ಲು!

"ಈ ಮೊರದ್ ಅವರೆಕಾಯಿ ಸುಲುದು ಮುಗಿಯೋಗಂಟ ಅಷ್ಟೆ" ಎಂದು ಪಕ್ಕದಲ್ಲಿ ಸುಲಿಯುತ್ತಾ ಕೂತಳು.

ಒಂದು ಮೊರ ಅವರೆಕಾಯಿ ಸುಲಿಯಲು ಎಷ್ಟು ಹೊತ್ತು ಬೇಕು? ಮೊದಲ ವಾರ ಕಡಿಮೆಯೇ ಬೇಕಿತ್ತು. ಎರಡನೇ ವಾರ ಯಾಕೋ ಜಾಸ್ತಿಯಾಯಿತು. ಆಮೇಲೆ ಗಮನಿಸಿದೆ, ಕಲ್ಲಿನ ಜೊತೆ ಮೊರದ ರಾಶಿಯೂ ಬೆಳೆಯುತ್ತಿದೆ! ಅವರೆ ಕಾಲ ಮುಗಿದ ಮೇಲೆ ಅಕ್ಕಿಯಲ್ಲಿ ಕಲ್ಲು ಆರಿಸಲು ಕೂತಳು. ಅಕ್ಕಿಯಲ್ಲಿ ಕಲ್ಲೇ ಇಲ್ಲದಿದ್ದರೂ ಆರಿಸುತ್ತಿದ್ದಳು.

ದಾರಿಯಲ್ಲಿ ಹೋಗುವವರು ನಿಂತು ನೋಡುವರು. "ಇದೇನಕ್ಕ, ಕೂಸು ಏನ್ ಪಡ್ಲಕಾಯಾ?" ಎಂದು ಒಬ್ಬಳು ಕೇಳಿದಳು.

"ಅಲ್ಲ ಕಣ. ಪಡ್ಲಕಾಯಿ ಇಷ್ಟು ಅಳಕಿಲ್ಲ."

ನಾನು ಅಳುವುದೆಂದರೆ ಸಾಮಾನ್ಯ ಅಳುವೇ? ನದಿಯ ಆಚೆ ದಡದವರು ಎದ್ದು ಕೂರಬೇಕು, ಹಾಗೆ! ಒಂದು ದಿನ ಕಲ್ಲು ಬದಲಾಯಿಸುವಾಗ ಅವಳನ್ನು ಎಡಗೈಯಿಂದ ತಳ್ಳಿ, "ನಿಂಗೇನ್ ಗೊತ್ತು ನೋವು!" ಎಂದು ಕಿರುಚಿದೆ. ಬೆಂದ ಕೈ ನನ್ನದು, ಅವಳಿಗೇನು? ದೊಡ್ಡವ್ವ ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ, "ಊ ಕಣ, ನಂಗೇನ್ ಗೊತ್ತು. ಇನ್ನೊಂದ್ ಇಡಿ ಅದೆ, ತಡಿ" ಎಂದು ಅಕ್ಕಿ ಆರಿಸುವುದನ್ನು ಮುಂದುವರಿಸಿದಳು.

ಆ ದಿನಗಳಲ್ಲೇ ಅವಳ ಹುಚ್ಚು ಇನ್ನೊಂದು ಮೆಟ್ಟಿಲು ಹತ್ತಿತು. ಎಚ್.ಡಿ. ಕೋಟೆ ಕಡೆ ಹಂಪಾಪುರದಲ್ಲಿ ನಮ್ಮ ನೆಂಟರ ಮದುವೆ. ದೊಡ್ಡವ್ವ ರೇಷ್ಮೆ ಸೀರೆ ಉಟ್ಟು, ಹೂ ಮುಡಿದು, ಪಾಯಸ ಬಡಿಸಲು ನಿಂತಿದ್ದಾಳೆ. ಬಲಗೈಲಿ ಸೌಟು, ಎಡಗೈಲಿ ಬಕೆಟ್ಟು. ಆ ಎಡಗೈಯ ಉಂಗುರದ ಬೆರಳಿನಿಂದ ಒಂದು ಕಲ್ಲಿನ ಗಂಟು ತೂಗಾಡುತ್ತಿದೆ! ಹೆಜ್ಜೆ ಇಟ್ಟಾಗಲೆಲ್ಲ ಬಕೆಟ್ಟಿಗೆ ಬಡಿದು ಟಣ್ ಎನ್ನುತ್ತಿದೆ. ಅಮ್ಮನಿಗೆ ನೆಲ ಬಾಯಿ ಬಿಟ್ಟರೆ ಸಾಕಾಗಿತ್ತು.

"ಅದೇನ್ ಕಣ್ರಮ್ಮ, ಹರಕೆಯಾ?" ಎಂದು ಪಂಕ್ತಿಯಲ್ಲಿದ್ದ ಹೆಂಗಸು ಕೇಳಿದಳು.

"ಊ ಕಣ್ರೀ, ಹರಕೆನೇ."

"ಯಾವ್ ದ್ಯಾವ್ರಿಗೆ?"

"ಚಿಕ್ ದ್ಯಾವ್ರು. ಸಿಟ್ಟು ಜಾಸ್ತಿ" ಎಂದು ಪಾಯಸ ಬಡಿಸಿ ಮುಂದೆ ಹೋದಳು.

ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಹದಿನೈದು ದಿನದ ಮೇಲೆ ಸುದ್ದಿ ಬಂತು, ಹಂಪಾಪುರದಲ್ಲಿ ಇಬ್ಬರು ಹೆಂಗಸರು ಬೆರಳಿಗೆ ಕಲ್ಲಿನ ಗಂಟು ಕಟ್ಟಿಕೊಂಡು ಓಡಾಡುತ್ತಿದ್ದಾರೆ! ಒಬ್ಬಳಿಗೆ ಕಳೆದುಹೋದ ಹಸು ಕೂಡ ಸಿಕ್ಕಿತಂತೆ.

ನನ್ನ ಬೆರಳು ಯಾವ ದಿನ ನೆಟ್ಟಗಾಯಿತು ಎಂದು ಹೇಳಲಾರೆ. ಪಡವಲಕಾಯಿ ಯಾವ ದಿನ ಉದ್ದವಾಯಿತು ಎಂದು ಯಾರು ಹೇಳುತ್ತಾರೆ? ನಿಂಬೆ ಗಾತ್ರದ ಕಲ್ಲಿಗೆ ಬಡ್ತಿ ಸಿಕ್ಕಿ ಎಷ್ಟೋ ದಿನವಾಗಿತ್ತು. ಒಂದು ಮಧ್ಯಾಹ್ನ ಊಟಕ್ಕೆ ಕೂತವಳು ಯೋಚನೆಯಿಲ್ಲದೆ ಬಲಗೈಯ ಐದೂ ಬೆರಳಿಂದ ಮುದ್ದೆ ಮುರಿದು, ಸೊಪ್ಪಿನ ಸಾರಲ್ಲಿ ಅದ್ದಿ ನುಂಗಿದೆ. ನುಂಗಿದ ಮೇಲೆ ನೋಡಿದರೆ ಎಲ್ಲರೂ ನನ್ನ ಕೈಯನ್ನೇ ನೋಡುತ್ತಿದ್ದಾರೆ. ಅಮ್ಮ ಎಂದಿನಂತೆ ಅಳಲು ಶುರು ಮಾಡಿದಳು. ದೊಡ್ಡವ್ವ, "ಸಾರು ಆರೋಯ್ತದೆ, ಉಣ್ಣು" ಎಂದಷ್ಟೇ ಹೇಳಿ ಎದ್ದು ಹಿತ್ತಲಿಗೆ ಹೋದಳು. ತುಂಬ ಹೊತ್ತು ಒಳಗೆ ಬರಲಿಲ್ಲ. ಚಪ್ಪರದ ತಪಾಸಣೆ ಇರಬೇಕು ಎಂದುಕೊಂಡು ನಾನು ಇನ್ನೊಂದು ಮುದ್ದೆ ಹಾಕಿಸಿಕೊಂಡೆ.

ಆ ಕೈಯಲ್ಲೇ ಬರೆದು ಪರೀಕ್ಷೆ ಪಾಸು ಮಾಡಿದೆ, ಅದೇ ಕೈಯಲ್ಲಿ ಬೋರ್ಡಿನ ಮೇಲೆ ಕೋಶ ವಿಭಜನೆಯ ಚಿತ್ರ ಬಿಡಿಸುತ್ತಿದ್ದೇನೆ. ಮೊನ್ನೆ ಮೈಸೂರಿನಲ್ಲಿ ನಮ್ಮಂಥ ಉಪನ್ಯಾಸಕರಿಗೆ ಒಂದು ತರಬೇತಿ ಇತ್ತು. ನನ್ನ ವಿದ್ಯಾರ್ಥಿನಿಯ ಹಾಗೆ ಕಾಣುತ್ತಿದ್ದ ಒಬ್ಬ ಹುಡುಗಿ, ದೊಡ್ಡ ಸಂಶೋಧಕಿಯಂತೆ, ವೇದಿಕೆ ಹತ್ತಿದಳು. ಜೀವಕೋಶ ಇಬ್ಭಾಗವಾಗುವುದು ಅದರ ಒಳಗಿನ ವ್ಯವಹಾರ ಮಾತ್ರವಲ್ಲ, ಅದು ತನ್ನ ಸುತ್ತಮುತ್ತಲನ್ನು ಮುಟ್ಟಿ ನೋಡುತ್ತದೆ ಎಂದಳು. ಕಾಲ ಕೆಳಗಿನ ನೆಲ ಗಟ್ಟಿಯೋ ಮೆತ್ತಗೋ ಎಂಬುದು ಬಹಳಷ್ಟು ಕೋಶಗಳಿಗೆ ಗೊತ್ತಾಗುತ್ತದೆ. ವಿಭಜನೆಗೆ ಮೊದಲು ಅದು ಮೈ ಉಬ್ಬಿಸಿ ಗುಂಡಗಾಗಬೇಕು, ಅದಕ್ಕೆ ಜಾಗ ಬೇಕು. ಸುತ್ತ ಇಕ್ಕಟ್ಟಾದರೆ ಕಾಯುತ್ತದೆ. ಗಾಯದಲ್ಲಿ ಜಾಗ ಸಿಕ್ಕಿದರೆ ಅಂಚಿನ ಕೋಶಗಳು ಹೆಚ್ಚುತ್ತಾ ತುಂಬಿಕೊಳ್ಳುತ್ತವೆ, ಒಂದಕ್ಕೊಂದು ಮೈ ತಾಗಿದಾಗ ನಿಲ್ಲುತ್ತವೆ. ಆಮೇಲೆ ಒಂದು ವಿಡಿಯೋ ತೋರಿಸಿದಳು. ರಬ್ಬರಿನಂಥ ಹಾಳೆಯ ಮೇಲೆ ಕೋಶಗಳನ್ನು ಬೆಳೆಸಿ, ಹಾಳೆಯನ್ನು ನಿಧಾನಕ್ಕೆ ಎಳೆಯುತ್ತಾರೆ. ಸುಮ್ಮನೆ ಕೂತಿದ್ದ ಕೋಶಗಳು ಒಂದೊಂದಾಗಿ ಎದ್ದು ಎರಡಾಗುತ್ತವೆ! ಎಳೆದ ದಿಕ್ಕಿಗೇ ಸಾಲಾಗುತ್ತವೆ!

ನಾನು ಗಟ್ಟಿಯಾಗಿ ನಕ್ಕುಬಿಟ್ಟೆ. ಇಡೀ ಸಭೆ ತಿರುಗಿ ನೋಡಿತು. "ಏನಾದ್ರೂ ಪ್ರಶ್ನೆ ಇದೆಯಾ ಮೇಡಂ?" ಎಂದಳು ಹುಡುಗಿ. ಏನೆಂದು ಹೇಳಲಿ? ಇದನ್ನೆಲ್ಲ ನಮ್ಮ ದೊಡ್ಡವ್ವ ಅವರೆಕಾಯಿ ಸುಲಿಯುತ್ತಾ ನನ್ನ ಮೇಲೆ ಪ್ರಯೋಗ ಮಾಡಿ ಮುಗಿಸಿದ್ದಾಳೆ ಎನ್ನಲೇ? ಗಿಡದ ಕೋಶಕ್ಕೆ ಗೋಡೆಯಿದೆ, ಮನುಷ್ಯರ ಕೋಶಕ್ಕೆ ಇಲ್ಲ, ಎರಡರ ರೀತಿಯೂ ಬೇರೆ ಎಂದು ನಾನೇ ಮಕ್ಕಳಿಗೆ ಹೇಳಿಕೊಡುತ್ತೇನೆ. ದೊಡ್ಡವ್ವನಿಗೆ ಆ ಭೇದಭಾವ ಇರಲಿಲ್ಲ.

ಮಾರನೇ ದಿನವೇ ಬಸ್ಸು ಹತ್ತಿದೆ. ದೊಡ್ಡಪ್ಪ ತೀರಿಕೊಂಡ ಮೇಲೆ ದೊಡ್ಡವ್ವ ಪಿರಿಯಾಪಟ್ಟಣದಲ್ಲಿ ಮಗಳ ಮನೆಯಲ್ಲಿದ್ದಾಳೆ. ತಾರಸಿಯ ಮೇಲೆ ಪೇಂಟ್ ಡಬ್ಬಗಳಲ್ಲಿ ಪಡವಲ ಹಾಕಿದ್ದಾಳೆ. ಕಾಯಿಗಳು ಗೋಡೆಯಾಚೆ ಕೆಳಗೆ ಇಳಿದಿವೆ, ಕಲ್ಲಿನ ಸಮೇತ! ಅಳಿಯ ಸ್ಕೂಟರ್ ತೆಗೆಯಲು ಬಾಗಿಲು ದಾಟುವ ಮೊದಲೇ ಹೆಲ್ಮೆಟ್ ಹಾಕಿಕೊಳ್ಳುತ್ತಾರೆ. ಜಿಲ್ಲೆಯಲ್ಲಿ ಅವರಷ್ಟು ಶಿಸ್ತಿನ ಸವಾರ ಇನ್ನೊಬ್ಬರಿಲ್ಲ.

ಅವಳ ಪಕ್ಕ ಕೂತು ರಬ್ಬರ್ ಹಾಳೆಯ ಕತೆಯನ್ನೆಲ್ಲ ಕೈ ಆಡಿಸಿ ಆಡಿಸಿ ಹೇಳಿದೆ. ಕಣ್ಣು ಕಿರಿದು ಮಾಡಿ ಪೂರ್ತಿ ಕೇಳಿಸಿಕೊಂಡಳು.

"ಇದ್ನ ಯೋಳಕ್ಕೆ ಮೈಸೂರ್ಗೆ ಕರೆಸಿದ್ರಾ ನಿಮ್ಮುನ್ನ?"

"ಊಂ."

"ಊಟ ಆಕಿದ್ರಾ?"

"ಹಾಕಿದ್ರು."

"ಅಂಗಾರೆ ಪರವಾಗಿಲ್ಲ ಬುಡು" ಎಂದು ನನ್ನ ಬಲಗೈ ಎಳೆದುಕೊಂಡು, ಎಂದಿನ ಅಭ್ಯಾಸದಂತೆ ಉಂಗುರದ ಬೆರಳನ್ನು ತುದಿಯಿಂದ ಒಮ್ಮೆ ನೀವಿ ನೆಟ್ಟಗೆ ಮಾಡಿ ನೋಡಿದಳು. ಆಗ ಅವಳ ಎಡಗೈ ನನ್ನ ಕಣ್ಣ ಮುಂದೆಯೇ ಇತ್ತು. ಉಂಗುರದ ಬೆರಳಿನ ತುದಿಯ ಗೆಣ್ಣಿನ ಸುತ್ತ ತೆಳ್ಳಗೆ ಒಂದು ಬಿಳಿ ಗೆರೆ. ಇಷ್ಟು ವರ್ಷ ಆ ಕೈ ಹಿಡಿದು ನಡೆದಿದ್ದೇನೆ, ಅದರಿಂದ ತಲೆ ಬಾಚಿಸಿಕೊಂಡಿದ್ದೇನೆ. ಒಂದು ದಿನವೂ ನೋಡಿರಲಿಲ್ಲ.

"ಇದೇನು ದೊಡ್ಡವ್ವ?"

"ಅದಾ? ನೂಲು ಕುಯ್ದಿದ್ದು. ಮೊದುಲ್ನೆ ಕಲ್ಲ ನೂಲಲ್ಲಿ ಕಟ್ಕಂಡಿದ್ದೆ. ಒಂದಿನ ಇಟ್ಕಳದ್ರೊಳ್ಗೆ ಕುಯ್ದಾಕ್ತು. ಕೂಸ್ಗೆ ನೂಲು ಆಗಕಿಲ್ಲ ಅಂತ ಸೀರೆ ಅರಿದೆ."

"ಕಟ್ಕೊಂಡಿದ್ದೆ ಅಂದ್ರೆ?"

"ನಿಂಗೆ ಕಟ್ಟೋ ಕಲ್ಲ ಒಂದಿನ ಮೊದ್ಲೇ ನಾನ್ ಕಟ್ಕಂಡು ಓಡಾಡ್ತಿದ್ದೆ. ಎಷ್ಟು ನೋಯ್ತದೆ ಅಂತ ಗೊತ್ತಾಗ್ಬ್ಯಾಡ್ವಾ? ಆ ಸಾಲಿಗ್ರಾಮದ್ ಕಾಯಿ ಮುರೀತಲ್ಲ, ಅವತ್ತಿಂದ ಎದ್ರಿಕೆ. ಕಾಯಿ ಮುರುದ್ರೆ ಸಾರು ಮಾಡ್ಬೋದು. ಕೂಸಿನ್ ಬೆರಳು ಮುರುದ್ರೆ ಏನ್ ಮಾಡ್ಲಿ ನಾನು? ಬ್ಯಾರನ್‌ಗೆ ಕರ್ಕಂಡೋಗಿದ್ದವಳೂ ನಾನೇಯ."

ಹಂಪಾಪುರದ ಮದುವೆಯಲ್ಲಿ ಬಕೆಟ್ಟಿಗೆ ಬಡಿದು ಟಣ್ ಎನ್ನುತ್ತಿದ್ದ ಆ ಗಂಟು, ಮರುದಿನ ನನ್ನ ಬೆರಳಿಗೆ ಬರಬೇಕಾಗಿದ್ದದ್ದು. ಇಷ್ಟು ವರ್ಷ ನಾನು ಅದನ್ನು ಸ್ಟಾಫ್ ರೂಮಿನಲ್ಲಿ ಜೋಕು ಮಾಡಿ ಹೇಳಿದ್ದೆ. ನಿಂಗೇನ್ ಗೊತ್ತು ನೋವು ಎಂದು ಕಿರುಚಿದ ದಿನ ಅವಳು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದ್ದಳಲ್ಲ, ಆ ನೋಟ ಈಗ ಬಂದು ಎದೆಗೆ ನಾಟಿತು.

"ಯಾಕೆ ಒಂದಿನಾನೂ ಹೇಳ್ಲಿಲ್ಲ ದೊಡ್ಡವ್ವ?"

"ನೀನ್ ಕೇಳ್ನಿಲ್ವಲ್ಲ."

ನಾನು ಬಲಗೈ ಎತ್ತಿ ಅವಳ ಸುಕ್ಕುಗಟ್ಟಿದ ಕೆನ್ನೆಯ ಮೇಲೆ ಇಟ್ಟೆ. ಇಡೀ ಅಂಗೈ ಕೂತಿತು, ಐದೂ ಬೆರಳು ನೆಟ್ಟಗೆ.